ನಿಮಗೆ ಯಾರು ಹೇಳಿದರು?

ನನ್ನ ಮೊದಲ ನೇಮಕಾತಿ ಪತ್ರದಲ್ಲಿ ಪತ್ರಕರ್ತೆ, ವರದಿಗಾರ್ತಿ, ಉಪಸಂಪಾದಕಿ ಎಂಬ ಪದಗಳಲ್ಲಿ ಒಂದೂ ಇರಲಿಲ್ಲ. ‘ಕಂಟೆಂಟ್ ಎಕ್ಸಿಕ್ಯೂಟಿವ್’ ಎಂದಿತ್ತು. ಅದು 2019ರ ಜುಲೈ ತಿಂಗಳು. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಪತ್ರಿಕೋದ್ಯಮದ ಎಂ.ಎ. ಮುಗಿಸಿ ಎರಡು ತಿಂಗಳೂ ಆಗಿರಲಿಲ್ಲ. ಮಂಗಳೂರಿನ ಒಂದು ಸುದ್ದಿ ಜಾಲತಾಣದಲ್ಲಿ ಕೆಲಸ, ತಿಂಗಳಿಗೆ 12,000 ರೂಪಾಯಿ ಸಂಬಳ. ಕೆಲಸ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಆ ಎರಡು ಪದಗಳನ್ನು ಓದಿಯೂ ಓದದವಳಂತೆ ಸಹಿ ಹಾಕಿದೆ. ಹೆಬ್ರಿಯ ಹತ್ತಿರದ ನಮ್ಮ ಮನೆಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಬೆಳಿಗ್ಗೆ ಪೇಪರಿನಲ್ಲಿ ನಿನ್ನ ಹೆಸರು ಬರುತ್ತದೆಯಾ ಮಗಳೇ?” ಪೇಪರಿನಲ್ಲಿ ಬರುವುದಿಲ್ಲ, ಮೊಬೈಲಿನಲ್ಲಿ ಬರುತ್ತದೆ ಎಂದೆ. ಅದೂ ಬರಲಿಲ್ಲ. ಅಲ್ಲಿ ಎಲ್ಲ ಸುದ್ದಿಗಳ ಕೆಳಗೂ ‘ವೆಬ್ ಡೆಸ್ಕ್’ ಎಂದೇ ಇರುತ್ತಿತ್ತು.

ಹುದ್ದೆಯ ಹೆಸರಿಗೆ ತೂಕವಿದೆ ಎಂಬುದು ನನಗೆ ತಿಳಿದದ್ದು ತಡವಾಗಿ. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆ ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳಲ್ಲಿ ದುಡಿಯುವವರ ಕೆಲಸದ ಗಂಟೆ, ರಜೆ, ವೇತನಗಳ ಬಗ್ಗೆ ಹೇಳುತ್ತಿತ್ತು. ಮಜೀಥಿಯಾ ವೇತನ ಮಂಡಳಿಯ ಶಿಫಾರಸುಗಳು 2011ರಲ್ಲಿ ಅಧಿಸೂಚನೆಯಾಗಿ, 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಊರ್ಜಿತವಾದದ್ದೂ ಆ ಕಾಯಿದೆಯ ಬಲದಿಂದಲೇ. ಬರೀ ಜಾಲತಾಣದಲ್ಲಿ ಕೆಲಸ ಮಾಡುವವರ ಮಾತು ಆ ಹಳೆಯ ಕಾಯಿದೆಯಲ್ಲಿ ಇರಲಿಲ್ಲ. 2020ರ ಕಾರ್ಮಿಕ ಸಂಹಿತೆಯಲ್ಲಿ ಕಾರ್ಯನಿರತ ಪತ್ರಕರ್ತ ಎಂಬ ವ್ಯಾಖ್ಯೆಯೊಳಗೆ ಡಿಜಿಟಲ್ ಮಾಧ್ಯಮವೂ ಸೇರಿತು. ಆದರೆ ನಮ್ಮನ್ನು ಪತ್ರಕರ್ತರೆಂದು ಕರೆಯದೆಯೇ ಕೆಲಸ ಮಾಡಿಸಿಕೊಳ್ಳುವ ಕಡೆ, ನಾವು ಪತ್ರಕರ್ತರು ಎಂದು ಸಾಧಿಸುವುದೇ ಮೊದಲ ಕೆಲಸವಾಗುತ್ತದೆ. ಹಾಗಾಗಿ ಈಗ ಯಾರೇ ಸಲಹೆ ಕೇಳಿದರೂ, ಸಂಬಳದ ಅಂಕಿ ನೋಡುವ ಮೊದಲು ಹುದ್ದೆಯ ಹೆಸರನ್ನು ಓದಿ ಎನ್ನುತ್ತೇನೆ.

ಎಂಟು ಗಂಟೆಯ ಪಾಳಿ, ಪಾಳಿಗೆ ಇಪ್ಪತ್ತೈದು ಸುದ್ದಿ. ಎದುರಿನ ಗೋಡೆಯಲ್ಲಿ ದೊಡ್ಡದೊಂದು ಪರದೆ. ಆ ಕ್ಷಣಕ್ಕೆ ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆ ಎಂಬ ಲೆಕ್ಕ ಅದರಲ್ಲಿ ಏರುತ್ತ ಇಳಿಯುತ್ತ ಇರುತ್ತಿತ್ತು. ಬೆಂಗಳೂರಿನ ಟಿ.ವಿ. ವಾಹಿನಿಗಳು, ಇಂಗ್ಲಿಷ್ ಸುದ್ದಿಸಂಸ್ಥೆಗಳ ಪ್ರತಿ, ಪೊಲೀಸ್ ಪ್ರಕಟಣೆ, ಊರೂರಿನ ವಾಟ್ಸ್ಆ್ಯಪ್ ಗ್ರೂಪುಗಳು, ಇವೇ ನಮ್ಮ ಮೂಲ. ಕುರ್ಚಿಯಿಂದ ಏಳದೆ ಕುಂದಾಪುರದ ಅಪಘಾತವನ್ನೂ ಸುಳ್ಯದ ಮಳೆಯನ್ನೂ ಬರೆಯುತ್ತಿದ್ದೆವು. ಆರಂಭದ ತಿಂಗಳುಗಳಲ್ಲಿ ನಾನು ಅದನ್ನು ತುಂಬ ಇಷ್ಟಪಟ್ಟೆ. ಐದು ನಿಮಿಷದಲ್ಲಿ ಸುದ್ದಿಯ ಸಾರ ಹಿಡಿಯಲು ಕಲಿತೆ. ಏಳು ಪದಗಳಲ್ಲಿ ತಲೆಬರಹ ಕಟ್ಟಲು ಕಲಿತೆ. ಕನ್ನಡವನ್ನು ಬೆರಳಿನಿಂದ ಕಲಿತದ್ದೂ ಅಲ್ಲಿಯೇ.

ಈ ಬೆರಳಿನ ಮಾತನ್ನು ಸ್ವಲ್ಪ ಹೇಳಬೇಕು, ಏಕೆಂದರೆ ತರಗತಿಯಲ್ಲಿ ಯಾರೂ ಇದನ್ನು ಕಲಿಸುವುದಿಲ್ಲ. ಮುದ್ರಣಕ್ಕೆ ಸಿದ್ಧವಾದ ಹಳೆಯ ಲೇಖನಗಳು ನಮಗೆ ಬರುತ್ತಿದ್ದದ್ದು ಹಳೆಯ ಫಾಂಟುಗಳಲ್ಲಿ. ಜಾಲತಾಣಕ್ಕೆ ಬೇಕಾದದ್ದು ಯೂನಿಕೋಡ್, ಎಲ್ಲ ಕಂಪ್ಯೂಟರು, ಮೊಬೈಲುಗಳಲ್ಲೂ ಕಾಣುವ ಅಕ್ಷರ ವ್ಯವಸ್ಥೆ. ಪರಿವರ್ತಕಕ್ಕೆ ಹಾಕಿದರೆ ಮುಕ್ಕಾಲು ಭಾಗ ಸರಿಯಾಗಿ ಬರುತ್ತದೆ; ಉಳಿದ ಕಾಲು ಭಾಗದಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಒಡೆದು ಬಿದ್ದಿರುತ್ತದೆ, ದೀರ್ಘ ಕಳೆದುಹೋಗಿರುತ್ತದೆ. ‘ಸೂರ್ಯ’ ಎಂಬ ಪದವನ್ನು ದಿನಕ್ಕೆ ಹತ್ತು ಸಲ ರಿಪೇರಿ ಮಾಡಿದ ದಿನಗಳಿವೆ. ನಮ್ಮ ಡೆಸ್ಕಿನ ಹಿರಿಯರು ಪರದೆಗೆ ಮುಖವನ್ನು ತೀರ ಹತ್ತಿರ ತಂದು, ಒಂದೊಂದೇ ಒತ್ತಕ್ಷರವನ್ನು ನೋಡುತ್ತಿದ್ದರು. ಓದುಗನಿಗೆ ನಮ್ಮ ಮೇಲೆ ಮೊದಲ ಅನುಮಾನ ಹುಟ್ಟುವುದು ತಪ್ಪು ಕಾಗುಣಿತದಿಂದ ಎನ್ನುತ್ತಿದ್ದರು ಅವರು. ಅವರ ಪಕ್ಕದ ಕುರ್ಚಿ ಸಿಕ್ಕಿದ್ದು ನನ್ನ ಪುಣ್ಯ.

ಆ ವರ್ಷದ ನವೆಂಬರಿನಲ್ಲಿ ಒಂದು ರಾತ್ರಿ ಪಡುಬಿದ್ರಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕ್ ಅಪಘಾತವಾಯಿತು. ಸವಾರ ಸ್ಥಳದಲ್ಲೇ ಮೃತಪಟ್ಟಿದ್ದ. ವಾಟ್ಸ್ಆ್ಯಪ್ ಗ್ರೂಪಿಗೆ ಮೊದಲು ಬಿದ್ದದ್ದು ಒಂದು ಚಾಲನಾ ಪರವಾನಗಿಯ ಫೋಟೊ. ಹೆಸರು, ಊರು, ಹುಟ್ಟಿದ ದಿನ ಎಲ್ಲ ಸ್ಪಷ್ಟವಾಗಿತ್ತು. ಇನ್ನೊಂದು ಜಾಲತಾಣ ಆಗಲೇ ‘ಯುವಕ ಸಾವು’ ಎಂದು ಹಾಕಿಯಾಗಿತ್ತು, ಹೆಸರಿಲ್ಲದೆ. ನಾನು ಹೆಸರು ಸೇರಿಸಿ ಹಾಕಿದೆ. ಗೋಡೆಯ ಪರದೆಯಲ್ಲಿ ನನ್ನ ಸುದ್ದಿ ಮೇಲೇರಿತು. ಆಗ ರಾತ್ರಿ ಒಂಬತ್ತು ಗಂಟೆ ಹತ್ತು ನಿಮಿಷ.

ಹದಿನೆಂಟು ನಿಮಿಷಗಳ ನಂತರ ಕಚೇರಿಯ ಫೋನ್ ರಿಂಗಾಯಿತು. ನಾನೇ ಎತ್ತಿದೆ. ಅತ್ತ ಒಬ್ಬಳು ಹುಡುಗಿ, ತುಳುವಿನಲ್ಲಿ ಮಾತನಾಡಿದಳು. ದನಿ ಏರಿಸಲಿಲ್ಲ. “ನನ್ನ ಅಣ್ಣ ನನ್ನ ಎದುರಿಗೆ ಕುಳಿತು ಊಟ ಮಾಡುತ್ತಿದ್ದಾನೆ. ಅವನು ಸತ್ತಿದ್ದಾನೆ ಎಂದು ಹಾಕಿದ್ದೀರಿ. ನಿಮಗೆ ಯಾರು ಹೇಳಿದರು?”

ಬೈಕು ಅವಳ ಅಣ್ಣನದು. ಅವನ ಪರವಾನಗಿ ಬೈಕಿನ ಪೆಟ್ಟಿಗೆಯಲ್ಲಿತ್ತು. ಆ ಸಂಜೆ ಬೈಕನ್ನು ಕೇಳಿ ಪಡೆದದ್ದು ಅವನ ಗೆಳೆಯ. ಸತ್ತವನು ಆ ಗೆಳೆಯ. ನಾನು ಫೋನ್ ಹಿಡಿದುಕೊಂಡೇ ನಿಂತಿದ್ದೆ. ಯಾರು ಹೇಳಿದರು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವೇ ಇರಲಿಲ್ಲ. ಯಾರೂ ಹೇಳಿರಲಿಲ್ಲ. ಒಂದು ಫೋಟೊ ಬಂದಿತ್ತು, ಅಷ್ಟೆ.

ಸುದ್ದಿಯನ್ನು ತೆಗೆದುಹಾಕಲಾಯಿತು. ತಿದ್ದುಪಡಿ ಹಾಕೋಣ, ಕ್ಷಮೆ ಕೇಳೋಣ ಎಂದು ನಾನು ಅಂದೂ ಕೇಳಿದೆ, ಮರುದಿನವೂ ಕೇಳಿದೆ. ಇಲ್ಲದ ಸುದ್ದಿಗೆ ತಿದ್ದುಪಡಿ ಎಲ್ಲಿ ಹಾಕುವುದು ಎಂದು ಮೇಲಿನವರು ಹೇಳಿದರು. ಪುಟ ಹೋಯಿತು, ವಿಷಯ ಮುಗಿಯಿತು. ಆ ರಾತ್ರಿ ನಾನು ವಾಸವಿದ್ದ ಪಿ.ಜಿ.ಗೆ ಹೋಗದೆ, ಡೆಸ್ಕಿನ ಹಿರಿಯರ ಜೊತೆ ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಬಾಗಿಲು ಹಾಕುವ ತನಕ ಕುಳಿತಿದ್ದೆ. ಅವರು ಸಮಾಧಾನ ಹೇಳಲಿಲ್ಲ, ಬಯ್ಯಲೂ ಇಲ್ಲ. ತಾವು ಕೆಲಸ ಕಲಿತ ಕಥೆಯನ್ನು ಹೇಳಿದರು.

ಅವರು ಕಲಿತದ್ದು ‘ಮುಂಗಾರು’ ಪತ್ರಿಕೆಯಲ್ಲಿ. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ಹೊರಡಿಸಿದ ದಿನಪತ್ರಿಕೆ ಅದು. ಒಬ್ಬ ಧನಿಕನ ಹಣದಲ್ಲಿ ನಡೆಯಬಾರದು ಎಂದು ಜನರಿಂದ ಷೇರು ಸಂಗ್ರಹಿಸಿ ಕಟ್ಟಿದ ಪತ್ರಿಕೆ. ಶೆಟ್ಟರು ಹೆಸರೇ ಇಲ್ಲದ ಊರುಗಳ ಹುಡುಗರನ್ನು ಕರೆತಂದು ವರದಿಗಾರರನ್ನಾಗಿ ಮಾಡಿದರು. ಪತ್ರಿಕೆ ಬಹಳ ಕಾಲ ಉಳಿಯಲಿಲ್ಲ. ಅಲ್ಲಿ ಪಳಗಿದವರು ಮಾತ್ರ ನಾಡಿನ ಬೇರೆ ಬೇರೆ ಪತ್ರಿಕೆಗಳಲ್ಲಿ ದಶಕಗಳ ಕಾಲ ಬರೆದರು. “ಅಲ್ಲಿ ಪ್ರತಿ ಕಾಪಿಯ ಅಂಚಿನಲ್ಲಿ ನಾನು ಯಾರನ್ನು ಕೇಳಿದೆ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಚ್ಚಾಗುವುದಲ್ಲ, ನನ್ನ ಲೆಕ್ಕಕ್ಕೆ. ಅಂಚು ಖಾಲಿ ಇದ್ದರೆ ಆ ಸುದ್ದಿ ಅಚ್ಚಿಗೆ ಹೋಗುತ್ತಿರಲಿಲ್ಲ” ಎಂದರು. ನಮ್ಮ ಸಾಫ್ಟ್‌ವೇರಿನಲ್ಲಿ ತಲೆಬರಹಕ್ಕೆ, ಕೀವರ್ಡಿಗೆ, ಫೋಟೊಗೆ ಎಲ್ಲದಕ್ಕೂ ಜಾಗವಿತ್ತು. ಯಾರನ್ನು ಕೇಳಿದೆ ಎಂದು ಬರೆಯುವುದಕ್ಕೆ ಒಂದು ಚೌಕವೂ ಇರಲಿಲ್ಲ.

ಮರುದಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಕೊಂಡೆ. ಅಂದಿನಿಂದ ಎಡಗಡೆ ಸುದ್ದಿ, ಬಲಗಡೆ ಹೇಳಿದವರ ಹೆಸರು, ಸಮಯ, ಫೋನ್ ಸಂಖ್ಯೆ. ದಿನಕ್ಕೆ ಇಪ್ಪತ್ತೈದು ಸುದ್ದಿ ಕೊಡುವುದು ನನ್ನಿಂದ ಆಗದೆ ಹೋಯಿತು. ಹನ್ನೆರಡಕ್ಕೆ ಇಳಿಯಿತು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಸಂಬಳ ಅರ್ಧವಾಯಿತು, ಸಂಖ್ಯೆ ಕಡಿಮೆ ಇದ್ದವರ ಪಟ್ಟಿ ಮಾಡಿದರು. 2020ರ ಆಗಸ್ಟಿನಲ್ಲಿ ನಾನು ಬ್ಯಾಗು ಕಟ್ಟಿಕೊಂಡು ಊರಿಗೆ ಹೋದೆ.

ನನ್ನ ತರಗತಿಯವರು ಆ ಹೊತ್ತಿಗೆ ಒಂದೊಂದು ದಿಕ್ಕಿಗಾಗಿದ್ದರು. ಒಬ್ಬಳು ಮಣಿಪಾಲದಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸೇರಿದಳು. ಇಬ್ಬರು ಬೆಂಗಳೂರಿನ ಟಿ.ವಿ.ಗೆ ಸ್ಕ್ರಿಪ್ಟ್ ಬರೆಯುತ್ತಿದ್ದರು. ಒಬ್ಬ ವಿಡಿಯೊ ಎಡಿಟಿಂಗ್ ಕಲಿತು ಮದುವೆ ವಿಡಿಯೊಗಳಿಂದ ನನಗಿಂತ ಮೂರು ಪಟ್ಟು ಗಳಿಸುತ್ತಿದ್ದ. ಇವರಲ್ಲಿ ಯಾರನ್ನೂ ದಾರಿ ಬಿಟ್ಟವರು ಎಂದು ನಾನು ಹೇಳಲಾರೆ. ಮನೆ ನಡೆಯಬೇಕು.

ನಾನು ಉಡುಪಿಯಲ್ಲಿ ಬಿಡಿ ಸುದ್ದಿಗಾರಳಾಗಿ ಆರಂಭಿಸಿದೆ. ಸುದ್ದಿ ಪ್ರಕಟವಾದರೆ ಇಷ್ಟು, ಫೋಟೊ ಸೇರಿದರೆ ಇಷ್ಟು ಎಂಬ ಲೆಕ್ಕ. ಸೆಪ್ಟೆಂಬರ್ 20ರಂದು ಉಡುಪಿ ನೆರೆಯಲ್ಲಿ ಮುಳುಗಿದಾಗ ಮೊಣಕಾಲ ನೀರಿನಲ್ಲಿ ನಡೆದು ಕಳುಹಿಸಿದ ಮೂರು ವರದಿಗಳಿಗೆ ಸಿಕ್ಕ ಹಣದಲ್ಲಿ ಹಾಳಾದ ಮೊಬೈಲಿನ ರಿಪೇರಿಯೂ ಆಗಲಿಲ್ಲ. ಆದರೂ ಅಂದು ಕೆಲಸ ಮಾಡಿದ ನೆಮ್ಮದಿಯಿತ್ತು. ನೋಟ್‌ಬುಕ್ಕಿನ ಬಲಗಡೆ ಖಾಲಿ ಇರಲಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಎರಡನೇ ಅಲೆಯ ಲಾಕ್‌ಡೌನ್ ಬೇರೆ. ರಸ್ತೆಗಿಳಿಯಲು ಗುರುತಿನ ಚೀಟಿ ಬೇಕು. ಬಿಡಿ ಸುದ್ದಿಗಾರರಿಗೆ ಗುರುತಿನ ಚೀಟಿ ಯಾರು ಕೊಡುತ್ತಾರೆ? ವಾರ್ತಾ ಇಲಾಖೆಯ ಮಾನ್ಯತಾ ಪತ್ರ ಪಡೆಯಲು ಸಂಸ್ಥೆಯ ಬೆಂಬಲ ಬೇಕು, ಅದು ನನಗಿರಲಿಲ್ಲ. ಪರಿಚಯದ ಸಂಪಾದಕರೊಬ್ಬರು ತಮ್ಮ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದು, ಅದರ ಫೋಟೊ ಕಳುಹಿಸಿದರು. ಆ ಫೋಟೊ ತೋರಿಸುತ್ತ ಸ್ಕೂಟರಿನಲ್ಲಿ ಮಲ್ಪೆ ದಾಟಿ ದಕ್ಷಿಣಕ್ಕೆ ಹೋದೆ. ಕಡಲು ಕೆಸರು ಬಣ್ಣಕ್ಕೆ ತಿರುಗಿತ್ತು. ಒಂದು ಕೇರಿಯಲ್ಲಿ ಏಳು ತೆಂಗಿನಮರಗಳು ಬುಡಸಮೇತ ಕಡಲಿಗೆ ತಲೆಯಿಟ್ಟು ಮಲಗಿದ್ದವು. ಮನೆಯ ಹಿಂದಿನ ಅರ್ಧ ಹೋಗಿ, ಮುಂದಿನ ಅರ್ಧದಲ್ಲಿ ಗ್ಯಾಸ್ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು.

ಆ ಮನೆಯ ಮೀನುಗಾರ ಮಹಿಳೆಗೆ ಅರವತ್ತರ ಮೇಲೆ ವಯಸ್ಸು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಉಳಿದ ವರದಿಗಾರರು ಅವರನ್ನು ಮುರಿದ ಗೋಡೆಯ ಮುಂದೆ ನಿಲ್ಲಿಸಿ, ಅಳು ಬಂದ ಕೂಡಲೇ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದರು. ನಾನು ಹೋದಾಗ ಅವರು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದರು. “ಬೀಸಿದ ಗಾಳಿಯ ಹೆಸರು ಬರೆದುಕೊಂಡು ಹೋದರು. ಆ ಕಲ್ಲಿನ ಗೋಡೆ ನೋಡು ಮಗಳೇ. ಅದನ್ನು ಹಾಕಿದ ಮೇಲೆ ಕಡಲು ಇತ್ತ ತಿರುಗಿತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ” ಎಂದರು. ಅವರ ಮನೆಯಿಂದ ಉತ್ತರಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹಿಂದಿನ ಮಳೆಗಾಲದ ಮೊದಲು ಕಟ್ಟಿದ ತಡೆಗೋಡೆ ಕೊನೆಗೊಂಡಿತ್ತು. ಗೋಡೆಯ ಹಿಂದಿನ ಮನೆಗಳಿಗೆ ಏನೂ ಆಗಿರಲಿಲ್ಲ.

ಅವರು ಹೇಳಿದ್ದನ್ನು ಹಾಗೆಯೇ ಬರೆಯಬಹುದಿತ್ತು. ಆದರೆ ಬಲಗಡೆಯ ಪುಟದಲ್ಲಿ ಒಬ್ಬರದೇ ಹೆಸರಿತ್ತು. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಸಂಸ್ಥೆ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಓದಿದ ಒಬ್ಬರನ್ನು ಹುಡುಕಿ, ಲಾಕ್‌ಡೌನ್ ಸಡಿಲವಾದ ಮೇಲೆ ಅದೇ ಜಾಗಕ್ಕೆ ಕರೆದುಕೊಂಡು ಹೋದೆ. ಅವರು ವಿವರಣೆ ಕೊಡುವ ಬದಲು ಬಗ್ಗಿ, ತೆರೆ ಬಂದು ಹಿಂದಿರುಗುವ ಒದ್ದೆ ಮರಳಿನ ಮೇಲೆ ತೆಂಗಿನಕಾಯಿ ಗಾತ್ರದ ಮೂರು ಕಲ್ಲುಗಳನ್ನು ಸಾಲಾಗಿ ಇಟ್ಟರು. ತೆರೆ ಬಂತು, ಹೋಯಿತು. ಎರಡನೆಯದು ಬಂತು. ನಾಲ್ಕನೆಯ ತೆರೆಯ ಹೊತ್ತಿಗೆ ಕಲ್ಲುಗಳ ಹಿಂದಿನ ಮರಳು ಹಾಗೆಯೇ ಇತ್ತು. ಕೊನೆಯ ಕಲ್ಲಿನ ಮಗ್ಗುಲಲ್ಲಿ ಮಾತ್ರ ಒಂದು ಬೊಗಸೆಯಷ್ಟು ಗುಂಡಿ ಬಿದ್ದಿತ್ತು. ಗೋಡೆಗೆ ಬಡಿದ ನೀರು ತನ್ನ ಬಲವನ್ನು ಪೂರ್ತಿ ಕಳೆದುಕೊಳ್ಳದೆ ಪಕ್ಕಕ್ಕೆ ಹರಿಯುತ್ತದೆ, ಗೋಡೆ ಹಿಡಿದಿಟ್ಟ ಮರಳು ಪಕ್ಕದ ದಂಡೆಗೆ ಸಿಗುವುದಿಲ್ಲ, ಹಾಗಾಗಿ ಗೋಡೆಯ ತುದಿಯಲ್ಲಿ ಕೊರೆತ ಹೆಚ್ಚಾಗುತ್ತದೆ ಎಂದು ಆಮೇಲೆ ಹೇಳಿದರು. ಅಕ್ಕ ಅಲ್ಲಿಯೇ ನಿಂತು ನೋಡುತ್ತಿದ್ದರು. “ನಾನು ಹೇಳಿದ್ದೂ ಅದೇ ಅಲ್ಲವಾ?” ಎಂದರು. ಅದೇ.

ಇಷ್ಟು ದಿನ ಕಷ್ಟಪಟ್ಟು ಬರೆದ ವರದಿಯನ್ನು ಯಾರು ಪ್ರಕಟಿಸುತ್ತಾರೆ? ಚಂಡಮಾರುತ ಮುಗಿದುಹೋಗಿದೆ, ಈಗ ಜನ ಓದುವುದಿಲ್ಲ ಎಂದು ಮೂರು ಕಡೆ ಹೇಳಿದರು. ಆಗ ಇಬ್ಬರು ಗೆಳೆಯರು ಮತ್ತು ನಾನು ಸೇರಿ ಯೂಟ್ಯೂಬ್ ವಾಹಿನಿ ತೆರೆದೆವು. ನಾನು ವರದಿ, ಒಬ್ಬ ಕ್ಯಾಮೆರಾ, ಇನ್ನೊಬ್ಬ ಎಡಿಟಿಂಗ್. ಎಂಟು ನೂರು ರೂಪಾಯಿಯ ಕಾಲರ್ ಮೈಕ್, ಎರಡು ಮೊಬೈಲ್.

ಈ ದಾರಿಯ ಬಗ್ಗೆ ಕಾಲೇಜುಗಳಲ್ಲಿ ಬಹಳ ಆಸೆಯಿದೆ, ಆದ್ದರಿಂದ ಅಂಕಿಗಳನ್ನು ಹೇಳಿಬಿಡುತ್ತೇನೆ. ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ 1,000 ಚಂದಾದಾರರು, ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಒಟ್ಟು 4,000 ಗಂಟೆಗಳ ವೀಕ್ಷಣೆ ಬೇಕಿತ್ತು. ಸಾವಿರ ಚಂದಾದಾರರು ನಮಗೆ ನಾಲ್ಕು ತಿಂಗಳಲ್ಲಿ ಸಿಕ್ಕರು. ಕರಾವಳಿಯವರು ಮುಂಬೈಯಲ್ಲಿ, ಗಲ್ಫಿನಲ್ಲಿ ಇದ್ದಾರಲ್ಲ, ಊರಿನ ಕಡಲು ಕಂಡರೆ ನಿಂತು ನೋಡುತ್ತಾರೆ. ನಾಲ್ಕು ಸಾವಿರ ಗಂಟೆ ತುಂಬಲು ಹನ್ನೊಂದು ತಿಂಗಳು ಹಿಡಿಯಿತು. ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ವಿಳಾಸ ಖಚಿತಪಡಿಸುವ ಪಿನ್ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಹೆಬ್ರಿಯ ಮನೆಗೆ ಆ ಬಿಳಿಯ ಕಾಗದ ಬಂದಾಗ ಅಪ್ಪ ಅದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರು. ಕೈಗೆ ಹಣ ಬರಬೇಕಾದರೆ 100 ಡಾಲರ್ ಆಗಬೇಕು. ಅದಾದಾಗ ಮೂವರಿಗೆ ಹಂಚಿದೆವು. ಒಂದೂವರೆ ವರ್ಷದ ಕೆಲಸಕ್ಕೆ ತಲಾ ಎರಡೂವರೆ ಸಾವಿರ ರೂಪಾಯಿ ಚಿಲ್ಲರೆ.

ನಮ್ಮ ವಿಡಿಯೊಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಬಾವಿಗೆ ಬಿದ್ದ ಹೆಬ್ಬಾವನ್ನು ಮೇಲೆತ್ತಿದ್ದು. ತಡೆಗೋಡೆಯ ವಿಡಿಯೊವನ್ನು ಅದರ ಇಪ್ಪತ್ತರಲ್ಲಿ ಒಂದು ಪಾಲು ಜನ ನೋಡಿದರು. ಇನ್ನೂ ನಾಲ್ಕು ಹಾವು ಹುಡುಕೋಣ ಎಂದು ಗೆಳೆಯ ಹೇಳಿದ. ಅವನ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ನನಗೆ ಮಾತ್ರ ಅದು ಆಗಲಿಲ್ಲ, ಜಗಳವಿಲ್ಲದೆ ಬೇರೆಯಾದೆವು. ಆದರೆ ಇಪ್ಪತ್ತರಲ್ಲಿ ಒಂದು ಪಾಲಿನ ಆ ವೀಕ್ಷಕರಲ್ಲಿ ಬೆಂಗಳೂರಿನ ಒಬ್ಬ ಸಂಪಾದಕರಿದ್ದರು. ಕರಾವಳಿಯ ಬಗ್ಗೆ ತಿಂಗಳಿಗೆ ಎರಡು ದೀರ್ಘ ವರದಿ ಬರೆಯುತ್ತೀರಾ ಎಂದು ಅವರು ಕೇಳಿದರು. ನನ್ನ ಅರ್ಜಿಯನ್ನಾಗಲಿ ಅಂಕಪಟ್ಟಿಯನ್ನಾಗಲಿ ಅವರು ಕೇಳಲಿಲ್ಲ. ಒದ್ದೆ ಮರಳಿನ ಮೇಲಿನ ಆ ಮೂರು ಕಲ್ಲುಗಳನ್ನು ನೋಡಿದ್ದರು.

ದಾರಿ ತೆರೆದದ್ದು ಅಲ್ಲಿ. ಬೇಗ ಸುದ್ದಿ ಕೊಡುವುದು ಈಗ ಯಾರಿಂದಲೂ ಆಗುತ್ತದೆ; ಮೊಬೈಲ್ ಇರುವ ಪ್ರತಿಯೊಬ್ಬರೂ ನನಗಿಂತ ಮೊದಲು ಸ್ಥಳದಲ್ಲಿರುತ್ತಾರೆ. ಮಲ್ಪೆಯಿಂದ ಕಾಪುವಿನವರೆಗಿನ ದಂಡೆಯಲ್ಲಿ ಯಾವ ಗೋಡೆ ಯಾವ ವರ್ಷದ್ದು, ಯಾರ ಮನೆ ಮೊದಲು ಎಲ್ಲಿತ್ತು, ಟೆಂಡರ್ ಯಾವಾಗ ಆಯಿತು ಎಂದು ತಿಳಿದವರು ಕಡಿಮೆ. ಅದನ್ನು ತಿಳಿದುಕೊಳ್ಳುವುದನ್ನೇ ನನ್ನ ಕಸುಬಾಗಿ ಮಾಡಿಕೊಂಡೆ. ಬೆಳಗಿನ ಜಾವ ಮಲ್ಪೆ ಬಂದರಿನ ಹರಾಜಿಗೆ ವಾರಕ್ಕೆ ಎರಡು ದಿನ ಹೋಗತೊಡಗಿದೆ. ಬಂಗುಡೆ, ಬೂತಾಯಿ ಮೀನುಗಳ ಬೆಲೆ ಬರೆದುಕೊಂಡೆ. ತಿಂಗಳುಗಟ್ಟಲೆ ಏನೂ ಪ್ರಕಟಿಸದೆ ಸುಮ್ಮನೆ ಬರೆದುಕೊಂಡೆ.

ಮಾಹಿತಿ ಹಕ್ಕನ್ನು ಬಳಸಲು ಕಲಿತದ್ದೂ ಆಗಲೇ. ಎಂ.ಎ.ಯಲ್ಲಿ 2005ರ ಕಾಯಿದೆಯ ಬಗ್ಗೆ ಹತ್ತು ಅಂಕದ ಉತ್ತರ ಬರೆದಿದ್ದೆ, ಒಂದು ಅರ್ಜಿಯನ್ನೂ ಬರೆದಿರಲಿಲ್ಲ. ನನ್ನ ಮೊದಲ ಅರ್ಜಿ ಎರಡು ಪುಟವಿತ್ತು. ಗೋಡೆಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಪರಿಹಾರ ಪಡೆದವರ ವಿವರ, ಎಲ್ಲವನ್ನೂ ಒಟ್ಟಿಗೆ ಕೇಳಿದ್ದೆ. ಅದು ಹಾಗೆಯೇ ಹಿಂದಕ್ಕೆ ಬಂತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಮೂರು ಅರ್ಜಿ ಮಾಡಿದೆ, ಹತ್ತು ರೂಪಾಯಿಯ ಮೂರು ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ‘ಮಾಹಿತಿ ನೀಡಿ’ ಎಂದು ಬರೆಯುವುದನ್ನು ಬಿಟ್ಟು, ‘ಇಂತಹ ಕಾಮಗಾರಿಯ ಅಳತೆ ಪುಸ್ತಕದ ದೃಢೀಕೃತ ಪ್ರತಿ ನೀಡಿ’ ಎಂದು ದಾಖಲೆಯ ಹೆಸರು ಹಿಡಿದು ಕೇಳಿದೆ. ಏಕೆ, ಹೇಗೆ ಎಂದು ಕೇಳಿದರೆ ಉತ್ತರಿಸದಿರಲು ಜಾಗ ಸಿಗುತ್ತದೆ. ಕಾಗದದ ಹೆಸರು ಹೇಳಿದರೆ ಕಾಗದ ಇರಬೇಕು, ಇಲ್ಲವೇ ಇಲ್ಲವೆಂದು ಬರೆದು ಕೊಡಬೇಕು. ಎರಡಕ್ಕೆ ಮೂವತ್ತು ದಿನದೊಳಗೆ ಉತ್ತರ ಬಂತು. ಮೂರನೆಯದಕ್ಕೆ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದೆ, ಆಗ ಬಂತು. 41 ಪುಟಗಳಿಗೆ ಪುಟಕ್ಕೆ ಎರಡು ರೂಪಾಯಿಯಂತೆ 82 ರೂಪಾಯಿ ಕಟ್ಟಿದೆ. ನನ್ನ ವೃತ್ತಿಜೀವನದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಖರ್ಚು ಅದು.

ಆ ಪುಟಗಳಲ್ಲಿ ಹಗರಣವೇನೂ ಇರಲಿಲ್ಲ. ಅಳತೆ ಸರಿಯಾಗಿತ್ತು. ಆದರೆ ಆ ವರ್ಷ ಎಷ್ಟು ಉದ್ದ ಕೊರೆದಿತ್ತೋ ಅಷ್ಟೇ ಉದ್ದಕ್ಕೆ ಅಂದಾಜು ಮಾಡಲಾಗಿತ್ತು. ಗೋಡೆ ಮುಗಿಯುವ ಕಡೆ ಏನಾಗಬಹುದು ಎಂಬುದಕ್ಕೆ 41 ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನೇ ಬರೆದೆ. ವರದಿ ಬಂದ ಮೂರನೇ ದಿನ ಒಬ್ಬ ಅಧಿಕಾರಿ ಫೋನ್ ಮಾಡಿದರು. “ಇದನ್ನೆಲ್ಲ ನಿಮಗೆ ಯಾರು ಹೇಳಿದರು?” ಎಂದು ಕೇಳಿದರು. ನನ್ನ ಕೈ ನಡುಗಿತು; ಪ್ರಶ್ನೆ ಹಳೆಯದು. “ನಿಮ್ಮದೇ ಅಂದಾಜು ಪಟ್ಟಿ ಸರ್, 14ನೇ ಪುಟ” ಎಂದೆ. ಅತ್ತ ಹಾಳೆ ತಿರುವುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ, ಮುಂದಿನ ಸಲ ಬರೆಯುವ ಮೊದಲು ಒಮ್ಮೆ ಬನ್ನಿ, ನಕ್ಷೆ ತೋರಿಸುತ್ತೇನೆ ಎಂದರು. ಹೋದೆ. ಈಗಲೂ ಹೋಗುತ್ತೇನೆ.

ಇಂದು ನನ್ನ ಬದುಕು ನಡೆಯುವುದು ನಾಲ್ಕು ಕಡೆಯ ಹಣದಿಂದ. ಬೆಂಗಳೂರಿನ ಆ ಎರಡು ವರದಿಗಳ ಸಂಭಾವನೆ. ವಾರಕ್ಕೆ ಮೂರು ದಿನ ಸುಳ್ಳುಸುದ್ದಿ ಪರಿಶೀಲನೆಯ ಕೆಲಸ, ಮನೆಯಿಂದಲೇ. ಇಂಗ್ಲಿಷಿನಿಂದ ಅನುವಾದ, ಅದು ಇಷ್ಟವಿಲ್ಲದ ತಿಂಗಳಲ್ಲೂ ಮಾಡಲೇಬೇಕು. ನಾಲ್ಕನೆಯದು ನನ್ನದೇ ಪುಟ್ಟ ಜಾಲತಾಣ. ಅದಕ್ಕೆ ಜಾಹೀರಾತಿಲ್ಲ; ವರ್ಷಕ್ಕೆ 300 ರೂಪಾಯಿ ಕೊಡುವ 214 ಓದುಗರಿದ್ದಾರೆ. ಬಹಳಷ್ಟು ಜನ ಮೀನುಗಾರರ ಮನೆಗಳವರು, ಕೆಲವರು ದುಬೈಯಲ್ಲಿ ಕುಳಿತು ಅಮ್ಮನ ಹೆಸರಿನಲ್ಲಿ ಕಟ್ಟುತ್ತಾರೆ. 1984ರಲ್ಲಿ ಷೇರು ಕೊಂಡು ಪತ್ರಿಕೆ ಕಟ್ಟಿದ ಊರಿನಲ್ಲಿ ಇದು ಹೊಸದೇನಲ್ಲ ಎಂದು ಡೆಸ್ಕಿನ ಹಿರಿಯರು ಹೇಳಿದರು; ಮೊದಲ 300 ರೂಪಾಯಿ ಅವರದೇ. ಎಲ್ಲ ಸೇರಿಸಿದರೆ ಪತ್ರಿಕೆಯೊಂದರಲ್ಲಿ ಆರು ವರ್ಷ ಅನುಭವವಿರುವ ಗೆಳತಿಯ ಸಂಬಳದ ಹತ್ತಿರ ಬರುತ್ತದೆ, ಒಂದೊಂದು ತಿಂಗಳು ಬರುವುದಿಲ್ಲ. ಪಿ.ಎಫ್. ಇಲ್ಲ. ಆಸ್ಪತ್ರೆಯ ವಿಮೆಯ ಕಂತನ್ನು ನಾನೇ ಕಟ್ಟುತ್ತೇನೆ. ಅಮ್ಮನಿಗೆ ಇದು ಇನ್ನೂ ಕೆಲಸವಾಗಿ ಕಾಣುವುದಿಲ್ಲ, ಅವಳ ಚಿಂತೆ ನ್ಯಾಯವಾದದ್ದೇ.

ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆಯಲ್ಲಿ 1843ರ ‘ಮಂಗಳೂರು ಸಮಾಚಾರ’ದ ಮಾತು ಬರುತ್ತದೆ. ಕನ್ನಡದ ಮೊದಲ ಪತ್ರಿಕೆ, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಅದು ಒಂದು ವರ್ಷವೂ ಪೂರ್ತಿಯಾಗಿ ಮಂಗಳೂರಿನಲ್ಲಿ ನಡೆಯಲಿಲ್ಲ, ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಹೋಯಿತು ಎಂಬುದನ್ನು ವೇದಿಕೆಯಲ್ಲಿ ಅಷ್ಟಾಗಿ ಹೇಳುವುದಿಲ್ಲ. ನನಗೆ ಧೈರ್ಯ ಕೊಡುವುದು ಆ ಭಾಗವೇ.

ಜಾಲತಾಣ ಆರಂಭಿಸಿದಾಗ 2021ರ ಡಿಜಿಟಲ್ ಮಾಧ್ಯಮ ನಿಯಮಗಳನ್ನು ಓದಬೇಕಾಯಿತು. ದೂರು ಸ್ವೀಕರಿಸುವ ಅಧಿಕಾರಿಯೊಬ್ಬರ ಹೆಸರು ಹಾಕಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಅಲ್ಲಿ ನನ್ನ ಹೆಸರನ್ನೇ ಹಾಕಿದೆ. ಹಾಕಿದ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಬಂದ ಮೊದಲ ದೂರು 2019ರ ನವೆಂಬರಿನದು, ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಆ ಹುಡುಗಿಯ ನಂಬರು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿತ್ತು. ಫೋನ್ ಮಾಡಿ ನಾನು ಯಾರೆಂದು ಹೇಳಿದೆ. ತಿದ್ದುಪಡಿಯನ್ನು ಈಗಲಾದರೂ ನನ್ನ ಹೆಸರಿನಲ್ಲಿ ಹಾಕಲೇ ಎಂದು ಕೇಳಿದೆ. ಬೇಡ, ಅಣ್ಣನ ಹೆಸರು ಇನ್ನೊಮ್ಮೆ ಬರುವುದು ಬೇಡ ಎಂದಳು. ಸ್ವಲ್ಪ ತಡೆದು, ಮನೆಗೆ ಬೇಕಾದರೆ ಬನ್ನಿ ಎಂದಳು.

ಬಾಗಿಲು ತೆರೆದದ್ದು ಅವನೇ. ನೀರು ಕೊಟ್ಟ, ಬೆಲ್ಲ ಕೊಟ್ಟ. ನಾನು ಕ್ಷಮೆ ಕೇಳಿದೆ. ಅವನು ತನ್ನ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದ. ನನ್ನ ಅಂದಿನ ತಲೆಬರಹ, ಕೆಳಗೆ ಅವನ ಹೆಸರು. “ನೀವು ತೆಗೆದು ಹಾಕಿದಿರಿ. ನಮ್ಮ ಗ್ರೂಪುಗಳಲ್ಲಿ ಇದು ಈಗಲೂ ತಿರುಗುತ್ತದೆ. ಗೆಳೆಯನ ಬೊಜ್ಜಕ್ಕೆ, ಉತ್ತರಕ್ರಿಯೆಗೆ, ಹೋದಾಗ ಅಲ್ಲಿದ್ದವರು ನನ್ನನ್ನು ನೋಡಿ ಹೆದರಿದರು. ತಪ್ಪಾಯಿತು ಎಂದು ಒಂದು ಸಾಲು ಇದ್ದಿದ್ದರೆ ಅದನ್ನೇ ಎಲ್ಲರಿಗೂ ಕಳುಹಿಸುತ್ತಿದ್ದೆ” ಎಂದ.

ಈಗ ನನ್ನ ಜಾಲತಾಣದಲ್ಲಿ ಯಾವ ಪುಟವನ್ನೂ ಸದ್ದಿಲ್ಲದೆ ತೆಗೆಯುವುದಿಲ್ಲ. ಪ್ರತಿ ವರದಿಯ ಕೊನೆಯಲ್ಲಿ ‘ತಿದ್ದುಪಡಿ’ ಎಂಬ ಜಾಗವಿದೆ, ತಪ್ಪಿದ್ದರೆ ಏನು ತಪ್ಪು, ಯಾವ ದಿನ ಸರಿಪಡಿಸಿದ್ದು ಎಂದು ಅಲ್ಲಿ ಇರುತ್ತದೆ. ಇದುವರೆಗೆ ಒಂಬತ್ತು ತಿದ್ದುಪಡಿಗಳಾಗಿವೆ. ಮೊದಲನೆಯದು, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಎಲ್ಲ ದೋಣಿಗಳಿಗೂ ಅನ್ವಯ ಎಂದು ಬರೆದಿದ್ದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಅದು ಅನ್ವಯಿಸುವುದಿಲ್ಲ. ಒಂಬತ್ತನೆಯದು ಕಳೆದ ವಾರದ್ದು. ಗೋಡೆಯೊಂದರ ಉದ್ದವನ್ನು 120 ಮೀಟರ್ ಎಂದಿದ್ದೆ. ಅಕ್ಕ ಮೊಮ್ಮಗನ ಕೈಯಲ್ಲಿ ಟೇಪ್ ಹಿಡಿಸಿ ಅಳೆಸಿ, ಫೋನ್ ಮಾಡಿ, 112 ಎಂದು ಬರೆಸಿದರು.